ಪದ ಪರಿಚಯ: ಪೇಜ್ ಯೀಲ್ಡ್

ಪ್ರಿಂಟರ್‌ನ ಒಂದು ಕಾರ್ಟ್ರಿಜ್ ಅಥವಾ ಒಂದು ಬಾಟಲಿ ಇಂಕ್ ಮುಗಿಯುವ ಹೊತ್ತಿಗೆ ಎಷ್ಟು ಎ4 ಪುಟಗಳು ಅಚ್ಚಾಗುತ್ತವೆ ಎಂಬುದನ್ನು ಸೂಚಿಸುವ ಸಂಖ್ಯೆಗೆ ಪೇಜ್ ಯೀಲ್ಡ್ ಎನ್ನುತ್ತಾರೆ. ಮನೆಗೆ ಪ್ರಿಂಟರ್ ಕೊಳ್ಳಲು ಹೋದವರು ಯಂತ್ರದ ಬೆಲೆ, ವೈಫೈ, ಸ್ಕ್ಯಾನರ್, ವಾರಂಟಿ ಎಲ್ಲವನ್ನೂ ವಿಚಾರಿಸುತ್ತಾರೆ. ಈ ಸಂಖ್ಯೆಯನ್ನು ಕೇಳುವವರು ತೀರಾ ಕಡಿಮೆ. ಮುಂದೆ ಆ ಪ್ರಿಂಟರ್‌ಗಾಗಿ ವರ್ಷಗಟ್ಟಲೆ ಖರ್ಚಾಗುವ ಹಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಾತ್ರ ಇದೇ ಸಂಖ್ಯೆ.

ಇದರ ಮುಖ್ಯ ಉಪಯೋಗ ಒಂದು ಭಾಗಾಕಾರದಲ್ಲಿದೆ. ಕಾರ್ಟ್ರಿಜ್‌ನ ಬೆಲೆಯನ್ನು ಪೇಜ್ ಯೀಲ್ಡ್‌ನಿಂದ ಭಾಗಿಸಿದರೆ ಒಂದು ಪುಟಕ್ಕೆ ತಗಲುವ ಇಂಕ್‌ನ ಖರ್ಚು ಸಿಗುತ್ತದೆ. ನಮ್ಮಲ್ಲಿ ಕಡಿಮೆ ಬೆಲೆಯ ಇಂಕ್‌ಜೆಟ್‌ಗಳಲ್ಲಿ ಬಳಕೆಯಾಗುವ ಕ್ಯಾನನ್ ಪಿಜಿ-745 ಕಪ್ಪು ಕಾರ್ಟ್ರಿಜ್‌ನ ಯೀಲ್ಡ್ ಸುಮಾರು 180 ಪುಟ. ಎಚ್‌ಪಿ 805 ಕಪ್ಪು ಕಾರ್ಟ್ರಿಜ್‌ನದು ಸುಮಾರು 120. ಕಾರ್ಟ್ರಿಜ್ ಬದಲು ಬಾಟಲಿಯಿಂದ ಇಂಕ್ ತುಂಬಿಸಿಕೊಳ್ಳುವ ಎಪ್ಸನ್‌ನ ಟ್ಯಾಂಕ್ ಪ್ರಿಂಟರ್‌ಗಳಿಗೆ ಹಾಕುವ 003 ಕಪ್ಪು ಬಾಟಲಿಯಲ್ಲಿ 65 ಮಿಲಿಲೀಟರ್ ಇಂಕ್ ಇದ್ದು, ಅದರ ಯೀಲ್ಡ್ 4,500 ಪುಟ. ಬೆಲೆಗಳು ಏರಿಳಿಯುವುದರಿಂದ ಲೆಕ್ಕಕ್ಕೆಂದು ಒಂದು ಮೊತ್ತವನ್ನು ಹಿಡಿಯೋಣ. 180 ಪುಟದ ಕಾರ್ಟ್ರಿಜ್‌ಗೆ 900 ರೂಪಾಯಿ ಕೊಟ್ಟರೆ ಪುಟಕ್ಕೆ 5 ರೂಪಾಯಿ ಬೀಳುತ್ತದೆ. 4,500 ಪುಟದ ಬಾಟಲಿಗೆ 450 ರೂಪಾಯಿ ಕೊಟ್ಟರೆ ಪುಟಕ್ಕೆ 10 ಪೈಸೆ. ಟ್ಯಾಂಕ್ ಬಿಟ್ಟು ಅಗ್ಗದ ಕಾರ್ಟ್ರಿಜ್ ಪ್ರಿಂಟರ್ ಕೊಂಡ ದಿನ ಉಳಿದ ನಾಲ್ಕೈದು ಸಾವಿರ ರೂಪಾಯಿ ಎಷ್ಟು ಬೇಗ ಕರಗಿಹೋಗುತ್ತದೆ ಎಂಬುದನ್ನು ಈ ಲೆಕ್ಕವೊಂದೇ ತೋರಿಸಿಕೊಡುತ್ತದೆ.

ಈ ಸಂಖ್ಯೆಯನ್ನು ಕಂಪನಿಗಳು ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ಇಂಕ್‌ಜೆಟ್ ಕಾರ್ಟ್ರಿಜ್‌ಗಳನ್ನು ಅಳೆಯುವ ಕ್ರಮವನ್ನು ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನದಂಡವೂ, ಅಳತೆಗೆ ಬಳಸಬೇಕಾದ ಐದು ಪುಟಗಳ ಮಾದರಿಯನ್ನು 24712 ಎಂಬ ಮಾನದಂಡವೂ ಗೊತ್ತುಪಡಿಸಿವೆ. ಕಪ್ಪು ಬಿಳುಪು ಲೇಸರ್ ಪ್ರಿಂಟರ್‌ಗಳಲ್ಲಿ ಇಂಕ್‌ನ ಬದಲು ಬಳಸುವ ಪುಡಿಯಾದ ಟೋನರ್‌ಗೆ 19752, ಬಣ್ಣದ ಟೋನರ್‌ಗೆ 19798 ಎಂಬ ಬೇರೆ ಮಾನದಂಡಗಳಿವೆ. ಒಂದೇ ಮಾದರಿಯ ಹಲವು ಪ್ರಿಂಟರ್‌ಗಳಲ್ಲಿ ಹಲವು ಕಾರ್ಟ್ರಿಜ್‌ಗಳನ್ನು ಹಾಕಿ, ಅಚ್ಚು ಮಸುಕಾಗುವವರೆಗೆ ಅಥವಾ ಪ್ರಿಂಟರ್ ತಾನಾಗಿ ನಿಲ್ಲುವವರೆಗೆ ಆ ಮಾದರಿ ಪುಟಗಳನ್ನೇ ಮತ್ತೆ ಮತ್ತೆ ಮುದ್ರಿಸಿ ಎಣಿಸುತ್ತಾರೆ. ಹೀಗಾಗಿ ಎರಡು ಕಂಪನಿಗಳ ಕಾರ್ಟ್ರಿಜ್‌ಗಳನ್ನು ಹೋಲಿಸಿ ನೋಡುವುದಕ್ಕೆ ಈ ಸಂಖ್ಯೆಯನ್ನು ಧೈರ್ಯವಾಗಿ ನಂಬಬಹುದು.

ಬಾಟಲಿ ಇಂಕ್‌ನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಒಂದು ಚುಕ್ಕಿ ಗುರುತು ಹಾಕಿ, ಕೆಳಗೆ ಸಣ್ಣ ಅಕ್ಷರಗಳಲ್ಲಿ ಕೊಟ್ಟಿರುವ ಟಿಪ್ಪಣಿಯನ್ನು ಓದಿದರೆ, 24712ರ ಮಾದರಿ ಪುಟಗಳನ್ನು ಆಧರಿಸಿ ಕಂಪನಿಯ ಸ್ವಂತ ವಿಧಾನದಿಂದ ಅಂದಾಜಿಸಿದ ಸಂಖ್ಯೆ ಅದು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಅದು ಆಮೇಲೆ ಕೊಳ್ಳುವ ಬಾಟಲಿಗಳಿಗೆ ಸಂಬಂಧಿಸಿದ್ದು ಎಂಬ ಮಾತೂ ಅಲ್ಲಿರುತ್ತದೆ. ಪ್ರಿಂಟರ್ ಜೊತೆಗೆ ಬಂದ ಮೊದಲ ಬಾಟಲಿಗಳ ಇಂಕ್‌ನಲ್ಲಿ ಒಂದು ಪಾಲು ಟ್ಯಾಂಕ್‌ನಿಂದ, ಕಾಗದದ ಮೇಲೆ ಇಂಕ್ ಚಿಮ್ಮಿಸುವ ಪ್ರಿಂಟ್ ಹೆಡ್‌ವರೆಗಿನ ಕೊಳವೆಗಳನ್ನು ತುಂಬುವುದಕ್ಕೇ ಹೋಗುವುದರಿಂದ ಅವುಗಳಲ್ಲಿ ಅಷ್ಟು ಪುಟಗಳು ಸಿಗುವುದಿಲ್ಲ. ಬಣ್ಣಕ್ಕೆ 7,500 ಪುಟ ಎಂದು ಬರೆದಿದ್ದರೆ ಅದು ನೀಲಿ, ಕೆನ್ನೀಲಿಗೆಂಪು, ಹಳದಿ ಮೂರೂ ಬಾಟಲಿಗಳು ಸೇರಿ ಕೊಡುವ ಸಂಖ್ಯೆ ಎಂಬುದನ್ನೂ ಗಮನಿಸಬೇಕು.

ಪೇಜ್ ಯೀಲ್ಡ್ ಅಳೆಯದ ಸಂಗತಿಗಳೂ ಇವೆ, ಮತ್ತು ಮನೆಬಳಕೆಯವರ ಹಣ ಹೆಚ್ಚಾಗಿ ಸೋರಿಹೋಗುವುದು ಅಲ್ಲಿಯೇ. ಪರೀಕ್ಷೆಯಲ್ಲಿ ಪ್ರಿಂಟರ್ ಬಿಡುವಿಲ್ಲದೆ ಓಡುತ್ತದೆ. ಮನೆಯಲ್ಲಿ ತಿಂಗಳಿಗೊಮ್ಮೆ ಪಹಣಿಯನ್ನೋ ರೈಲು ಟಿಕೆಟನ್ನೋ ತೆಗೆಯುತ್ತೇವೆ. ಆ ಬಿಡುವಿನಲ್ಲಿ ಪ್ರಿಂಟ್ ಹೆಡ್‌ನ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಇಂಕ್ ಒಣಗುತ್ತದೆ. ಅದನ್ನು ತೆರೆಯಲು ಪ್ರಿಂಟರ್ ಹೆಡ್ ಕ್ಲೀನಿಂಗ್ ಮಾಡಿಕೊಂಡಾಗ ಒಳ್ಳೆಯ ಇಂಕ್ ಹೀರಲ್ಪಟ್ಟು, ಒಳಗಿರುವ ವೇಸ್ಟ್ ಇಂಕ್ ಪ್ಯಾಡ್ ಸೇರುತ್ತದೆ. ಪ್ಯಾಡ್ ತುಂಬಿದಾಗ ಕೆಲವು ಪ್ರಿಂಟರ್‌ಗಳು ಕೆಲಸವನ್ನೇ ನಿಲ್ಲಿಸುತ್ತವೆ. ಅದನ್ನು ನಾವೇ ಬದಲಾಯಿಸುವಂತಿದೆಯೋ, ಸರ್ವಿಸ್ ಸೆಂಟರ್‌ಗೆ ಒಯ್ಯಬೇಕೋ ಎಂದು ಕೊಳ್ಳುವ ಮೊದಲೇ ಕೇಳುವುದು ಒಳ್ಳೆಯದು. ಮೂರು ಬಣ್ಣಗಳು ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಜ್‌ನಲ್ಲಿ ಹಳದಿಯೊಂದು ಮುಗಿದರೂ, ಉಳಿದೆರಡು ಬಣ್ಣ ಇರುವಾಗಲೇ ಇಡೀ ಕಾರ್ಟ್ರಿಜ್ ಎಸೆಯಬೇಕಾಗುತ್ತದೆ.

ನಾವು ಮುದ್ರಿಸುವ ಪುಟವೂ ಪರೀಕ್ಷೆಯ ಪುಟದಂತಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳಿಗಾಗಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಡೌನ್‌ಲೋಡ್ ಮಾಡಿ ಮುದ್ರಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಅವುಗಳಲ್ಲಿ ಅನೇಕವು ಸ್ಕ್ಯಾನ್ ಮಾಡಿದ ಚಿತ್ರಗಳು. ಕಣ್ಣಿಗೆ ಬಿಳಿಯೆನಿಸುವ ಕಾಗದ ವಾಸ್ತವವಾಗಿ ನಸುಬೂದು ಬಣ್ಣದ್ದಾಗಿದ್ದು, ಪ್ರಿಂಟರ್ ಪುಟದ ಉದ್ದಗಲಕ್ಕೂ ಸಣ್ಣ ಚುಕ್ಕಿಗಳನ್ನು ಇಡುತ್ತಾ ಹೋಗುತ್ತದೆ. ಇಂತಹ ಪುಟಗಳನ್ನೇ ತೆಗೆದರೆ 180ರ ಕಾರ್ಟ್ರಿಜ್ ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಮೊಬೈಲ್‌ನ ಸ್ಕ್ಯಾನರ್ ಆ್ಯಪ್‌ನಲ್ಲಿ ಅವನ್ನು ಶುದ್ಧ ಕಪ್ಪು ಬಿಳುಪಿಗೆ ಬದಲಿಸಿಕೊಂಡು, ಡ್ರಾಫ್ಟ್ ಗುಣಮಟ್ಟದಲ್ಲಿ ಮುದ್ರಿಸಿದರೆ ಇಂಕ್ ಉಳಿಯುತ್ತದೆ, ಓದುವುದಕ್ಕೂ ತೊಂದರೆಯಾಗುವುದಿಲ್ಲ.

ಲೇಸರ್ ಪ್ರಿಂಟರ್‌ನಲ್ಲಿರುವ ಟೋನರ್ ಪುಡಿಯಾದ್ದರಿಂದ ಒಣಗುವ ಪ್ರಶ್ನೆಯಿಲ್ಲ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ವರ್ಷಗಳಿಂದ ದುಡಿಯುತ್ತಿರುವ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್‌ನ 12ಎ ಕಾರ್ಟ್ರಿಜ್‌ಗೆ 2,000 ಪುಟಗಳ ಯೀಲ್ಡ್ ಇದೆ. ಕೆಲವು ಲೇಸರ್‌ಗಳಲ್ಲಿ ಟೋನರ್ ಬೇರೆ, ಅದನ್ನು ಕಾಗದಕ್ಕೆ ದಾಟಿಸುವ ಉರುಳೆಯಾದ ಡ್ರಮ್ ಬೇರೆ. ಬ್ರದರ್‌ನ ಟಿಎನ್-2365 ಟೋನರ್ 2,600 ಪುಟಕ್ಕೆ ಬಂದರೆ, ಅದರ ಡ್ರಮ್ ಸುಮಾರು 12,000 ಪುಟಕ್ಕೆ ಬರುತ್ತದೆ. ಪುಟದ ಖರ್ಚು ತೆಗೆಯುವಾಗ ಎರಡನ್ನೂ ಬೇರೆಬೇರೆಯಾಗಿ ಭಾಗಿಸಿ ಕೂಡಿಸಬೇಕು. ಬಣ್ಣ ಬೇಡದ, ಅಪರೂಪಕ್ಕೆ ಮುದ್ರಿಸುವ ಮನೆಗೆ ಸಣ್ಣ ಲೇಸರ್ ಸೂಕ್ತವೆಂದೂ, ವಾರವಾರವೂ ಬಣ್ಣದಲ್ಲಿ ಮುದ್ರಿಸುವ ಮನೆಗೆ ಟ್ಯಾಂಕ್ ಪ್ರಿಂಟರ್ ಸೂಕ್ತವೆಂದೂ ನನ್ನ ಖಚಿತ ಅಭಿಪ್ರಾಯ. ತಿಂಗಳಿಗೆ ಐದಾರು ಪುಟ ಮಾತ್ರ ಬೇಕಾಗುವವರಿಗೆ ಬೀದಿಯ ಜೆರಾಕ್ಸ್ ಅಂಗಡಿಯೇ ಸಾಕು.

ಕಾರ್ಟ್ರಿಜ್‌ಗಳ ಬೆಲೆ ನೋಡಿ, ಅದಕ್ಕಿಂತ ಹೊಸ ಪ್ರಿಂಟರನ್ನೇ ತಂದರೆ ಹೇಗೆ ಎಂದು ಯೋಚಿಸುವವರು ಬಹಳ ಮಂದಿ. ಅಗ್ಗದ ಹಲವು ಮಾದರಿಗಳ ಜೊತೆ ಬರುವುದು ಸೆಟಪ್ ಕಾರ್ಟ್ರಿಜ್. ಅದರಲ್ಲಿ ಅಂಗಡಿಯಲ್ಲಿ ಸಿಗುವ ಕಾರ್ಟ್ರಿಜ್‌ಗಿಂತ ಕಡಿಮೆ ಇಂಕ್ ಇರಬಹುದು, ಮೊದಲ ಸಲದ ಹೊಂದಾಣಿಕೆಗೂ ಅದರಿಂದಲೇ ಸ್ವಲ್ಪ ಖರ್ಚಾಗುತ್ತದೆ. ಆದ್ದರಿಂದ ಹಳೆಯದನ್ನು ಬದಲಾಯಿಸುವ ಮುನ್ನ, ಕೊಳ್ಳಬೇಕೆಂದಿರುವ ಮಾದರಿಗೆ ಹಾಕುವ ಕಾರ್ಟ್ರಿಜ್‌ನ ನಂಬರ್ ಕೇಳಿ ಬರೆದುಕೊಂಡು, ಆ ನಂಬರ್‌ನ ಯೀಲ್ಡ್ ಮತ್ತು ಬೆಲೆಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ, ಭಾಗಿಸಿ ಪುಟದ ಖರ್ಚು ತೆಗೆದು, ಅದನ್ನು ವರ್ಷಕ್ಕೆ ತಮಗೆ ಬೇಕಾಗುವ ಪುಟಗಳಿಂದ ಗುಣಿಸಿ, ಬಂದ ಮೊತ್ತವನ್ನು ಪ್ರಿಂಟರ್‌ನ ಬೆಲೆಗೆ ಸೇರಿಸಿ ಹೋಲಿಸಬೇಕು. ಒಂದೇ ಕಾರ್ಟ್ರಿಜ್ ಕೆಲವೊಮ್ಮೆ ಎಕ್ಸ್‌ಎಲ್ ಎಂಬ ಹೆಚ್ಚು ಇಂಕ್‌ನ ರೂಪದಲ್ಲಿಯೂ ಸಿಗುತ್ತದೆ. ಅದರ ಯೀಲ್ಡ್ ಬೇರೆ ಇರುವುದರಿಂದ ಅದಕ್ಕೂ ಇದೇ ಭಾಗಾಕಾರವನ್ನು ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ.