ಖಾಲಿ ಹೊಟ್ಟೆ, ಅರ್ಧ ಲೋಟ ನೀರು, ಅರ್ಧ ತಾಸು

ಗಂಗಾವತಿಯ ಅಕ್ಕನ ಮನೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಆರೂವರೆ. ಅಡುಗೆ ಕಟ್ಟೆಯ ಮೇಲೆ ಬಿಸಿ ಚಹಾ. ಅಕ್ಕ ಮೂರು ಸ್ಟ್ರಿಪ್ಪಿನಿಂದ ಮೂರು ಗುಳಿಗೆ ಒತ್ತಿ ತೆಗೆದು ಅಂಗೈಗೆ ಹಾಕಿಕೊಂಡಳು. ಥೈರಾಯ್ಡ್‌ದೊಂದು, ಶುಗರ್‌ದೊಂದು, ಹೊಸದೊಂದು. ಮೂರನ್ನೂ ಒಟ್ಟಿಗೇ ಬಾಯಿಗೆ ಹಾಕಿ ಚಹಾ ಕುಡಿದಳು.

"ಇದು ತೂಕ ಇಳ್ಯಾಕ. ಒಂದೂವರೆ ತಿಂಗಳಾತು, ಒಂದು ಕೆಜಿನೂ ಇಳಿದಿಲ್ಲ ನೋಡು" ಅಂದಳು.

ಸ್ಟ್ರಿಪ್ ತಿರುಗಿಸಿ ನೋಡಿದೆ. ಸೆಮಾಗ್ಲುಟೈಡ್, 3 ಮಿಲಿಗ್ರಾಂ. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಂದದ್ದಂತೆ. ಯಾವ ಡಾಕ್ಟರೂ ಅಕ್ಕನನ್ನು ನೋಡಿ ಬರೆದುಕೊಟ್ಟದ್ದಲ್ಲ. ಹೇಗೆ ನುಂಗಬೇಕು ಅಂತ ಯಾರೂ ಹೇಳಿರಲಿಲ್ಲ. ಅವತ್ತಿಂದ ಈ ಗುಳಿಗೆಗಳ ಕಥೆ ಹುಡುಕಿ ಓದುತ್ತಿದ್ದೇನೆ.

ನಮ್ಮ ಕಡೆ ದಪ್ಪ ಅನ್ನೋದು ಬಹಳ ಕಾಲ ಬೈಗುಳವೇ ಆಗಿರಲಿಲ್ಲ. 1876ರಿಂದ 78ರವರೆಗೆ ಬಿದ್ದ ಧಾತು ಈಶ್ವರ ಸಂವತ್ಸರದ ಬರದಲ್ಲಿ, ಮದ್ರಾಸ್ ಆಧಿಪತ್ಯದಲ್ಲಿ ತುಂಬಾ ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರದ ಕಾಮಗಾರಿಯಲ್ಲಿ ಕಲ್ಲು ಹೊತ್ತವರಿಗೆ ಒಂದು ಹಂತದಲ್ಲಿ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗಿಂತ ಕಡಿಮೆ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಕೂಲಿ. ಅಂಥ ನೆಲದಲ್ಲಿ ಮೈತುಂಬಿಕೊಂಡ ಸೊಸೆ ಅಂದರೆ ಮನೆಗೆ ಲಕ್ಷಣ. ಆಮೇಲೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಕಾಲುವೆ ನೀರು ಬಂತು, ಗಂಗಾವತಿ, ಸಿಂಧನೂರಿನ ಹೊಲಗಳು ಗದ್ದೆಯಾದವು. ಎರಡು ಹೊತ್ತು ಜೋಳದ ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಮೂರು ಹೊತ್ತೂ ಸೋನಾ ಮಸೂರಿ ಅನ್ನ. ನಾಟಿ ಕೈಯಿಂದಲೇ, ಆದರೆ ಕೊಯ್ಲಿಗೆ ಮಷೀನು. ಹಸಿವಿನ ಭಯ ಹೋದದ್ದು ದೊಡ್ಡ ಸಂಗತಿ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಒಂದೇ ಊರಿನಲ್ಲಿ ಈಗ ಸೊರಗಿದ ಮಕ್ಕಳೂ ಇದ್ದಾರೆ, ಶುಗರ್, ಬಿಪಿ, ಮಂಡಿನೋವಿನ ಅಕ್ಕಂದಿರೂ ಇದ್ದಾರೆ.

ತೂಕ ಇಳಿಸುವ ಗುಳಿಗೆಯ ಕಥೆ ಶುರುವಾದದ್ದು ಮದ್ದುಗುಂಡಿನ ಕಾರ್ಖಾನೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಾರ್ಮಿಕರು ಡೈನೈಟ್ರೋಫಿನಾಲ್ ಅನ್ನುವ ಸಿಡಿಮದ್ದಿನ ರಾಸಾಯನಿಕ ಮುಟ್ಟುತ್ತಿದ್ದರು. ಬೆವರು ಸುರಿದು, ಜ್ವರ ಏರಿ, ತೆಳ್ಳಗಾಗುತ್ತಿದ್ದರು. ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಅದನ್ನೇ ತೂಕದ ಔಷಧಿಯಾಗಿ ಪರೀಕ್ಷಿಸಿದರು. ತೂಕ ಇಳಿಯಿತು, ನಿಜ. ಒಂದೆರಡು ವರ್ಷದಲ್ಲೇ ಸುಮಾರು 1 ಲಕ್ಷ ಜನ ನುಂಗಿದರು. ಅದು ಮಾಡುತ್ತಿದ್ದದ್ದು ಇಷ್ಟೇ: ನಾವು ತಿಂದ ಅನ್ನ ಶಕ್ತಿಯಾಗುವ ಬದಲು ಮೈಯೊಳಗೇ ಬಿಸಿಯಾಗಿ ಸುಟ್ಟುಹೋಗುವ ಹಾಗೆ ಮಾಡುವುದು. ಡೋಸ್ ಸ್ವಲ್ಪ ಜಾಸ್ತಿಯಾದರೂ ಮನುಷ್ಯ ಒಳಗಿನಿಂದಲೇ ಬೇಯುತ್ತಾನೆ. ಎಷ್ಟೋ ಜನರ ಕಣ್ಣಿಗೆ ಪೊರೆ ಬಂತು. 1938ರಲ್ಲಿ ಅಮೆರಿಕ ಹೊಸ ಔಷಧಿ ಕಾನೂನು ತಂದು ಇದನ್ನು ತಡೆಯಿತು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಯಾರಾದರೂ ಅದನ್ನು ನುಂಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆಮೇಲೆ ಬಂದವು ಹಸಿವು ಸಾಯಿಸುವ ಗುಳಿಗೆಗಳು. ಆಂಫೆಟಮೈನ್ ಜಾತಿಯವು ಚಟ ಹಿಡಿಸಿದವು. 1990ರ ದಶಕದಲ್ಲಿ ಫೆನ್‌ಫ್ಲುರಮೈನ್, ಫೆಂಟರ್ಮಿನ್ ಎರಡನ್ನೂ ಸೇರಿಸಿ ನುಂಗುವುದು ಅಮೆರಿಕದಲ್ಲಿ ಜೋರಾಯಿತು. 1997ರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ಹಾಗೆ ನುಂಗಿದ 24 ಹೆಂಗಸರ ಹೃದಯದ ಕವಾಟ ಕೆಟ್ಟಿದ್ದನ್ನು ಹೊರಗೆ ತಂದರು. ಅದೇ ಸೆಪ್ಟೆಂಬರ್‌ನಲ್ಲಿ ಫೆನ್‌ಫ್ಲುರಮೈನ್ ಮಾರುಕಟ್ಟೆಯಿಂದ ಹೋಯಿತು. ನಂತರದ ಸಿಬುಟ್ರಮಿನ್ ನಮ್ಮ ದೇಶದಲ್ಲೂ ಮಾರಾಟವಾಗುತ್ತಿತ್ತು. ಹೃದಯದ ತೊಂದರೆ ಇದ್ದವರಲ್ಲಿ ಅದು ಹಾರ್ಟ್ ಅಟ್ಯಾಕ್, ಲಕ್ವ ಜಾಸ್ತಿ ಮಾಡುತ್ತದೆ ಅಂತ ಗೊತ್ತಾದ ಮೇಲೆ 2011ರಲ್ಲಿ ಭಾರತ ನಿಲ್ಲಿಸಿತು. ಆದರೆ ಅದು ಪೂರ್ತಿ ಸತ್ತಿಲ್ಲ. 'ಬರೀ ಗಿಡಮೂಲಿಕೆ' ಅಂತ ಮಾರುವ ತೆಳ್ಳಗಾಗುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಕದ್ದು ಬೆರೆಸಿದ್ದನ್ನು ಅಮೆರಿಕದ ಔಷಧಿ ಇಲಾಖೆ ಮತ್ತೆ ಮತ್ತೆ ಹಿಡಿದಿದೆ. ಮೊಬೈಲ್‌ನಲ್ಲಿ ನೋಡಿ ಅಂಥ ಡಬ್ಬಿ ತರಿಸುವವರಿಗೆ ದಯವಿಟ್ಟು ಈ ಮಾತು ಮುಟ್ಟಿಸಿ.

ಆರ್ಲಿಸ್ಟಾಟ್ ಬೇರೆ ದಾರಿಯದು. 1999ರಿಂದ ಅಮೆರಿಕದಲ್ಲಿದೆ. ತಿಂದ ಎಣ್ಣೆ, ಕೊಬ್ಬಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಕರುಳು ಹೀರದಂತೆ ತಡೆಯುತ್ತದೆ. ತಡೆದದ್ದು ಹೊರಗೆ ಬರಲೇಬೇಕಲ್ವಾ? ಸಂಜೆ ನಾಲ್ಕು ಮಿರ್ಚಿ ಬಜ್ಜಿ ತಿಂದು ಇದನ್ನು ನುಂಗಿದರೆ ಎಣ್ಣೆಯಂಥ ಭೇದಿ, ಅದೂ ತಡೆಯಲಾಗದಂತೆ. ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಅದಕ್ಕೇ ವಿಟಮಿನ್ ಗುಳಿಗೆಯನ್ನು ರಾತ್ರಿ ಮಲಗುವಾಗ ಬೇರೆಯಾಗಿ ಕೊಡುತ್ತಾರೆ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರ ಬೇಕು.

ಈಗ ಅಕ್ಕನ ಸ್ಟ್ರಿಪ್ಪಿಗೆ ಬರೋಣ. ಊಟವಾದಾಗ ನಮ್ಮ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಬಿಡುತ್ತದೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವುದರಲ್ಲಿ, ರಕ್ತದ ಶುಗರ್ ತಗ್ಗಿಸುವುದರಲ್ಲಿ ಅದರ ಪಾತ್ರವಿದೆ. ಆದರೆ ನಿಮಿಷಗಳಲ್ಲಿ ಕರಗಿಹೋಗುತ್ತದೆ. 1992ರಲ್ಲಿ ಜಾನ್ ಎಂಗ್ ಅನ್ನುವ ಅಮೆರಿಕದ ವೈದ್ಯರು ಗೀಲಾ ಮಾನ್‌ಸ್ಟರ್ ಅನ್ನುವ ಮರುಭೂಮಿಯ ಹಲ್ಲಿಯ ವಿಷದಲ್ಲಿ ಅದನ್ನೇ ಹೋಲುವ, ಆದರೆ ಬೇಗ ಕರಗದ ವಸ್ತು ಕಂಡರು. ಅದರಿಂದ 2005ರಲ್ಲಿ ಶುಗರ್‌ಗೆ ಇಂಜೆಕ್ಷನ್ ಬಂತು. ಸೆಮಾಗ್ಲುಟೈಡ್ ಇದೇ ಬಳಗದ್ದು.

ಇಂಜೆಕ್ಷನ್ ಸರಿ, ಗುಳಿಗೆ ಮಾಡುವುದು ಹೇಗೆ? ಇದು ಪ್ರೋಟೀನ್ ಜಾತಿಯದು. ಹೊಟ್ಟೆಗೆ ಬಿದ್ದರೆ ಬೇಳೆ ಜೀರ್ಣವಾದ ಹಾಗೆ ಜೀರ್ಣವಾಗುತ್ತದೆ. ಅದಕ್ಕೆ ಗುಳಿಗೆಯಲ್ಲಿ ಎಸ್‌ಎನ್‌ಎಸಿ ಅನ್ನುವ ಇನ್ನೊಂದು ಪದಾರ್ಥ ಸೇರಿಸಿದರು. ಗುಳಿಗೆ ಜಠರದ ಗೋಡೆಗೆ ತಾಗಿ ಕರಗುವಾಗ ಅದು ಸುತ್ತಲಿನ ಆಮ್ಲ ತಗ್ಗಿಸಿ ಔಷಧಿಯನ್ನು ಒಳಗೆ ದಾಟಿಸುತ್ತದೆ. ಇಷ್ಟಾದರೂ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ರಕ್ತ ಸೇರಿದರೆ ಅದೇ ಹೆಚ್ಚು. ಆ ಒಂದು ಪಾಲನ್ನು ಕಾಯುವುದಕ್ಕೇ ಇಷ್ಟೆಲ್ಲ ನಿಯಮ. ಎದ್ದ ಕೂಡಲೇ ಖಾಲಿ ಹೊಟ್ಟೆ. ಬರೀ ನೀರು, ಅದೂ 120 ಮಿಲಿಲೀಟರ್ ದಾಟಬಾರದು, ಅಂದರೆ ಅರ್ಧ ಲೋಟ. ಗುಳಿಗೆ ಮುರಿಯಬಾರದು, ಅಗಿಯಬಾರದು. ಕನಿಷ್ಠ ಅರ್ಧ ತಾಸು ಚಹಾ ಇಲ್ಲ, ತಿಂಡಿ ಇಲ್ಲ, ಬೇರೆ ಗುಳಿಗೆಯೂ ಇಲ್ಲ. ಅಕ್ಕ ಚಹಾದ ಜೊತೆ, ಇನ್ನೆರಡು ಗುಳಿಗೆಯ ಜೊತೆ ನುಂಗಿ ಒಂದೂವರೆ ತಿಂಗಳ ದುಡ್ಡು ಸುಮ್ನೆ ಕಳೆದಿದ್ದಳು. ಸಾಲದ್ದಕ್ಕೆ 3 ಮಿಲಿಗ್ರಾಂ ಅನ್ನುವುದು ಹೊಟ್ಟೆಗೆ ರೂಢಿ ಮಾಡಿಸುವ ಮೊದಲ ತಿಂಗಳ ಡೋಸ್ ಮಾತ್ರ. 7, ಆಮೇಲೆ 14, ಹೀಗೆ ಏರಿಸುವುದು ಡಾಕ್ಟರ ಕೆಲಸ.

ಈ ಗುಳಿಗೆ ಅಮೆರಿಕದಲ್ಲಿ 2019ರಲ್ಲಿ, ನಮ್ಮಲ್ಲಿ 2022ರಲ್ಲಿ ಬಂದದ್ದು ಟೈಪ್ 2 ಶುಗರ್‌ಗಾಗಿ. ತೂಕಕ್ಕೆಂದೇ 25 ಮಿಲಿಗ್ರಾಂ ಗುಳಿಗೆಗೆ ಅಮೆರಿಕ ಒಪ್ಪಿದ್ದು 2025ರ ಡಿಸೆಂಬರ್‌ನಲ್ಲಿ. ಅದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 30 ಅಥವಾ ಜಾಸ್ತಿ ಇದ್ದವರಿಗೆ, ಇಲ್ಲವೇ 27 ಅಥವಾ ಜಾಸ್ತಿ ಇದ್ದು ಬಿಪಿಯಂಥ ತೂಕಕ್ಕೆ ಸಂಬಂಧಿಸಿದ ಕಾಯಿಲೆ ಇದ್ದವರಿಗೆ. ಮದುವೆಗೆ ಮುಂಚೆ ಐದು ಕೆಜಿ ಇಳಿಸಬೇಕು ಅನ್ನುವ ಹುಡುಗಿಗೆ ಇದು ಅಲ್ಲವೇ ಅಲ್ಲ.

ಅಕ್ಕ ತಪ್ಪಾಗಿ ನುಂಗಿದ್ದೇ ಒಳ್ಳೆಯದಾಯಿತೇನೋ ಅಂತಲೂ ಅನ್ನಿಸಿತು. ಅವಳ ಶುಗರ್ ಗುಳಿಗೆ ಗ್ಲಿಮೆಪಿರೈಡ್. ಅದರ ಜೊತೆ ಇದು ಸರಿಯಾಗಿ ಕೆಲಸ ಮಾಡಿದ್ದರೆ, ಊಟ ಕಡಿಮೆಯಾಗಿ ಶುಗರ್ ಒಮ್ಮೆಲೇ ಇಳಿದು ತಲೆಸುತ್ತಿ ಬೀಳುವ ಅಪಾಯವಿತ್ತು. ಅವಳು ಶ್ರಾವಣ ಸೋಮವಾರ ಉಪವಾಸ ಬೇರೆ ಮಾಡುತ್ತಾಳೆ. ಇದನ್ನು ಶುರು ಮಾಡುವಾಗ ಡಾಕ್ಟರು ಗ್ಲಿಮೆಪಿರೈಡ್ ಕಡಿಮೆ ಮಾಡುವುದು ಅದಕ್ಕೇ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಮೊದಮೊದಲು ಬಹಳ ಜನಕ್ಕೆ ಆಗುತ್ತವೆ. ತಂಪು ಊರಲ್ಲಿ ಅದನ್ನು ಹೇಗೋ ತಡೆದುಕೊಳ್ಳಬಹುದು. ನಮ್ಮಲ್ಲಿ ಬಿಸಿಲು 40 ದಾಟುತ್ತದೆ. ಮೈಯ ನೀರು ಬೆವರಲ್ಲೂ ಹೋಗಿ, ವಾಂತಿಯಲ್ಲೂ ಹೋದರೆ ಕಿಡ್ನಿಗೆ ಪೆಟ್ಟು. ಮೂತ್ರ ಕಡಿಮೆಯಾಗಿ ಕಡು ಹಳದಿ ಬಂದರೆ, ನೀರೂ ನಿಲ್ಲದಂತೆ ವಾಂತಿಯಾದರೆ ಕಾಯಬಾರದು. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ನೋವು, ಅದು ಬೆನ್ನಿಗೆ ಹಬ್ಬಿದರೆ ಮೇದೋಜೀರಕದ ಉರಿಯೂತ ಇರಬಹುದು. ಗುಳಿಗೆ ನಿಲ್ಲಿಸಿ ಸೀದಾ ಆಸ್ಪತ್ರೆ.

ತಮಗಾಗಲಿ, ಮನೆತನದಲ್ಲಾಗಲಿ ಮೆಡುಲರಿ ಅನ್ನುವ ಅಪರೂಪದ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಇದನ್ನು ಮುಟ್ಟಬಾರದು. ಮಗು ಬೇಕೆನ್ನುವವರು ಎರಡು ತಿಂಗಳ ಮೊದಲೇ ಬಿಡಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ಮುಂಚೆಯೇ ಹೇಳಬೇಕು, ಯಾಕೆಂದರೆ ಊಟ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಒಂದು ದಿನ ಮರೆತರೆ ಬಿಟ್ಟುಬಿಡಿ, ಮರುದಿನ ಎರಡು ನುಂಗಬೇಡಿ.

ಕೊನೆಗೆ ಅಕ್ಕನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಮೂರೂ ಸ್ಟ್ರಿಪ್ ಟೇಬಲ್ ಮೇಲೆ ಇಟ್ಟೆವು. ಅಕ್ಕ ಕೇಳಿದ ಮೊದಲ ಪ್ರಶ್ನೆ, "ಸರ, ಎಷ್ಟು ತಿಂಗಳು ತಗೊಂಡ್ರ ಮುಗೀತದ?" ಬಿಟ್ಟರೆ ಹಸಿವು ವಾಪಸ್ ಬರುತ್ತದೆ, ತೂಕವೂ ಬರುತ್ತದೆ ಅಂದರು ಅವರು. ಸೆಮಾಗ್ಲುಟೈಡ್ ಇಂಜೆಕ್ಷನ್‌ನ ದೊಡ್ಡ ಪರೀಕ್ಷೆಯಲ್ಲಿ ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಹಾಗಾಗಿ ಬೇಳೆ, ಕಾಳು, ಮೊಸರು ಬಿಡಬೇಡಿ, ನಡೆಯೋದು ಬಿಡಬೇಡಿ ಅಂದರು. ಹೊಸ ಗುಳಿಗೆಯನ್ನು ಸದ್ಯಕ್ಕೆ ನಿಲ್ಲಿಸಿ, ಥೈರಾಯ್ಡ್, ಕಿಡ್ನಿ, ಮೂರು ತಿಂಗಳ ಶುಗರ್ ಪರೀಕ್ಷೆಗೆ ಬರೆದರು. ಬೇಕೋ ಬೇಡವೋ ಅನ್ನೋದು ರಿಪೋರ್ಟ್ ನೋಡಿದ ಮೇಲೆ. ಅಕ್ಕ ಚೀಟಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.