ಚಿಯಾಂಗ್ ಮಾಯ್ ವಾರಾಂತ್ಯದ ಸಂತೆ: ಹೊಸ ರಸ್ತೆ, ಹಳೇ ಕೈಗಳು

ಭಾನುವಾರ ಸಂಜೆ ಆರು ಗಂಟೆ. ಚಿಯಾಂಗ್ ಮಾಯ್‌ನ ರಾಚದಮ್ನೋನ್ ರಸ್ತೆಯಲ್ಲಿ ಕಾಲಿಡೋಕೂ ಜಾಗವಿಲ್ಲ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಥಾಯ್ಲೆಂಡಿನ ರಾಷ್ಟ್ರಗೀತೆ ಶುರುವಾಗುತ್ತದೆ. ಚೌಕಾಸಿ ಮಾಡುತ್ತಿದ್ದವರು ಬಾಯಿ ಮುಚ್ಚುತ್ತಾರೆ. ಕೆಂಡದ ಮೇಲೆ ಮಾಂಸದ ಕಡ್ಡಿ ತಿರುಗಿಸುತ್ತಿದ್ದವರು ಎದ್ದು ನಿಲ್ಲುತ್ತಾರೆ. ಇಡೀ ಸಂತೆ ಇದ್ದಲ್ಲೇ ನಿಂತುಬಿಡುತ್ತದೆ. ಗೀತೆ ಮುಗಿದದ್ದೇ ತಡ, ಮತ್ತೆ ಅದೇ ಗದ್ದಲ.

ಕೋಟೆಯ ಪೂರ್ವದ ಬಾಗಿಲು ಥಾ ಪೇಯಿಂದ ಪಶ್ಚಿಮದ ವಾತ್ ಪ್ರಾ ಸಿಂಗ್ ದೇವಾಲಯದ ಕಡೆಗೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಈ ಸಂತೆ ಹಬ್ಬುತ್ತದೆ. ಸುತ್ತ ಹಳೇ ದೇವಾಲಯಗಳು, ಕಂದಕ, ಇಟ್ಟಿಗೆ ಗೋಡೆ. ಇದು ನೂರಾರು ವರ್ಷಗಳ ಸಂತೆ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಇದಕ್ಕಾಗಿರುವುದು ಇಪ್ಪತ್ತು ಚಿಲ್ಲರೆ ವರ್ಷ. ಹಳೆಯದು ರಸ್ತೆಯ ಸಂತೆಯಲ್ಲ, ಅಲ್ಲಿ ಮಾರುವ ಸಾಮಾನು ಮಾಡಿದ ಕೈಗಳು. ಆ ಕೈಗಳು ಈ ಊರಿಗೆ ಹೇಗೆ ಬಂದವು ಅಂತ ತಿಳಿದರೆ ಸಂತೆ ಬೇರೆ ಥರವೇ ಕಾಣುತ್ತದೆ.

ರಾಜ ಮಂಗ್ರಾಯ್ ಈ ಊರು ಕಟ್ಟಿದ್ದು 1296ರಲ್ಲಿ. ಅದು ಲಾನ್ನಾ ರಾಜ್ಯದ ರಾಜಧಾನಿ. 1558ರಲ್ಲಿ ಬರ್ಮಾದವರು ಗೆದ್ದುಕೊಂಡರು. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಊರು ಹೆಚ್ಚುಕಡಿಮೆ ಅವರ ಕೈಯಲ್ಲೇ ಇತ್ತು. 1775ರಲ್ಲಿ ಸಯಾಮಿನ, ಅಂದರೆ ಇವತ್ತಿನ ಥಾಯ್ಲೆಂಡಿನ, ಸೈನ್ಯದ ಜೊತೆ ಸೇರಿ ಪಕ್ಕದ ಲಂಪಾಂಗ್‌ನ ನಾಯಕ ಕಾವಿಲ ಅದನ್ನು ಬಿಡಿಸಿಕೊಂಡ. ಆದರೆ ಬಿಡಿಸಿಕೊಂಡ ಊರಿನಲ್ಲಿ ಜನರೇ ಉಳಿಯಲಿಲ್ಲ. ಯುದ್ಧದ ಹೊಡೆತಕ್ಕೆ ಊರು ಹಾಳು ಬಿತ್ತು. ಕಾವಿಲ ಮತ್ತೆ ಅಲ್ಲಿ ನೆಲೆ ನಿಂತದ್ದು 1796ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷ ಕಳೆದ ಮೇಲೆ.

ಖಾಲಿ ಊರನ್ನು ತುಂಬಿಸಿದ ರೀತಿಗೆ ಉತ್ತರ ಥಾಯ್ಲೆಂಡಿನಲ್ಲಿ ಒಂದು ಮಾತೇ ಇದೆ: ಸೊಪ್ಪು ಕೊಯ್ದು ಬುಟ್ಟಿಗೆ ತುಂಬು, ಆಳುಗಳನ್ನು ಹಿಡಿದು ಊರಿಗೆ ತುಂಬು. ಕೇಳೋಕೆ ಚೆನ್ನಾಗಿದೆ. ಆದರೆ ಆ ಬುಟ್ಟಿಗೆ ಬಿದ್ದವರು ಮನುಷ್ಯರು. ಕಾವಿಲನ ಸೈನ್ಯ ಸಾಲ್ವೀನ್ ನದಿಯ ಕಡೆ, ಈಗ ಮ್ಯಾನ್ಮಾರ್‌ನಲ್ಲಿರುವ ಕೆಂಗ್‌ತುಂಗ್ ಕಡೆ ಹೋಗಿ ಊರೂರುಗಳನ್ನೇ ಕಿತ್ತು ತಂದಿತು. ಅವರಲ್ಲಿ ಬೆಳ್ಳಿ ಕೆಲಸದವರಿದ್ದರು, ಅರಗಿನಂಥ ಮರದ ಅಂಟು ಬಳಿದು ಪಾತ್ರೆ ಮಾಡುವವರಿದ್ದರು. ರಾಜನಿಗೆ ಬೇಕಾಗಿದ್ದೂ ಅಂಥ ಕಸುಬಿನವರೇ. ಇದನ್ನು ನೆನೆಯದೆ ಆ ಸಂತೆಯ ಒಂದು ಬಟ್ಟಲನ್ನೂ ಕೈಗೆತ್ತಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಬೆಳ್ಳಿ ಕೆಲಸದವರನ್ನು ಕಂದಕದ ದಕ್ಷಿಣಕ್ಕೆ ಕೂರಿಸಿದರು. ಅವರು ತಮ್ಮ ಊರಿನ ಹೆಸರನ್ನೂ ಜೊತೆಗೇ ತಂದಿದ್ದರು. ಆ ಜಾಗವೇ ಇವತ್ತಿನ ವೂವಾ ಲಾಯ್. ಶನಿವಾರದ ಸಂತೆ ನಡೆಯುವುದು ಅದೇ ರಸ್ತೆಯಲ್ಲಿ. ಪಾತ್ರೆ ಮಾಡುತ್ತಿದ್ದವರು ಕೆಂಗ್‌ತುಂಗ್ ಕಡೆಯ ಖೂನ್ ಜನ. ಥಾಯ್ ಭಾಷೆಯಲ್ಲಿ ಅಂಥ ಪಾತ್ರೆಗಳಿಗೆ ಇವತ್ತಿಗೂ ಕ್ರುವಾಂಗ್ ಖೂನ್ ಅನ್ನುತ್ತಾರೆ, ಅಂದರೆ ಖೂನರ ಸಾಮಾನು. ಕಿತ್ತು ತಂದವರ ಹೆಸರು ವಸ್ತುವಿಗೇ ಅಂಟಿಕೊಂಡಿತು.

ಬೆಳ್ಳಿ ಕೆಲಸದವರು ಬೆಳ್ಳಿಯನ್ನು ಎಲ್ಲಿಂದ ತರುತ್ತಿದ್ದರು? ಇಲ್ಲಿ ನಮ್ಮ ಕಡೆಯ ಕೊಂಡಿಯೊಂದು ಸಿಗುತ್ತದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಬರ್ಮಾದಿಂದ ತೇಗದ ಮರದ ವ್ಯಾಪಾರಿಗಳು ಲಾನ್ನಾಕ್ಕೆ ಬಂದರು. ಅವರ ಜೊತೆ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಯೂ ಬಂತು. ಚಿಯಾಂಗ್ ಮಾಯ್ ಪೇಟೆಯಲ್ಲಿ ಆಗ ಓಡಾಡುತ್ತಿದ್ದದ್ದು ಅದೇ ನಾಣ್ಯ. ಅಲ್ಲಿನ ಕುಶಲಕರ್ಮಿಗಳು ಆ ರೂಪಾಯಿಗಳನ್ನು ಕರಗಿಸಿ ಬಟ್ಟಲು ಬಡಿದರು. ಹಳೇ ಮನೆಗಳಲ್ಲಿರುವ ಎಷ್ಟೋ ಬಟ್ಟಲುಗಳ ಬೆಳ್ಳಿ ಒಂದು ಕಾಲಕ್ಕೆ ನಮ್ಮಲ್ಲೂ ಚಲಾವಣೆಯಲ್ಲಿದ್ದ ರೂಪಾಯಿ!

ಆ ಬಟ್ಟಲಿಗೆ ಸಲುಂಗ್ ಅನ್ನುತ್ತಾರೆ. ಥಾಯ್ ಹೊಸ ವರ್ಷದ ಸೊಂಗ್‌ಕ್ರಾನ್ ಹಬ್ಬದಲ್ಲಿ ಬುದ್ಧನ ಮೂರ್ತಿಗೆ, ಹಿರಿಯರ ಕೈಗೆ ಪರಿಮಳದ ನೀರು ಹಾಕುವುದು ಇದರಿಂದಲೇ. ಮಾಡುವ ಬಗೆ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಮೊದಲು ಬೆಳ್ಳಿಯ ಬಿಲ್ಲೆಯನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ, ಮತ್ತೆ ಬಡಿದು ಬಟ್ಟಲಿನ ಆಕಾರಕ್ಕೆ ತರುತ್ತಾರೆ. ಒಳಗಿನಿಂದ ಬಡಿದು ಚಿತ್ರವನ್ನು ಉಬ್ಬಿಸುತ್ತಾರೆ. ಆಮೇಲೆ ಒಳಗೆ ಕಾಯಿಸಿದ ರಾಳ ತುಂಬುತ್ತಾರೆ. ಅದು ಆರಿ ಗಟ್ಟಿಯಾದ ಮೇಲೆ, ಸಣ್ಣ ಉಳಿ ಹಿಡಿದು ಹೊರಗಿನಿಂದ ಒಂದೊಂದೇ ಗೆರೆ ಕೂರಿಸುತ್ತಾರೆ. ರಾಳವಿದ್ದರೆ ಏಟು ಬಿದ್ದ ಕಡೆಯಷ್ಟೇ ಬೆಳ್ಳಿ ತಗ್ಗುತ್ತದೆ, ಸುತ್ತಲಿನದು ಕುಸಿಯುವುದಿಲ್ಲ. ಟಕ್ ಟಕ್ ಟಕ್, ಒಂದೇ ಲಯ. ಉಳಿ ಹಿಡಿದ ಬೆರಳು ಕೂದಲೆಳೆಯಷ್ಟು ಸರಿಯುತ್ತದೆ, ಸುತ್ತಿಗೆ ಹಿಂದೆಯೇ ಬರುತ್ತದೆ.

ಈಗ ಸಂತೆಯ ವಿಷಯ. ಉತ್ತರ ಥಾಯ್ಲೆಂಡಿನವರ ಮಾತಿನಲ್ಲಿ ಸಂತೆಗೆ ‘ಕಾದ್’ ಅನ್ನುತ್ತಾರೆ. ಪಿಂಗ್ ನದಿಯ ದಡದ ವರೋರೊತ್ ಮಾರುಕಟ್ಟೆ ಊರಿನವರಿಗೆ ಇವತ್ತಿಗೂ ಕಾದ್ ಲುವಾಂಗ್, ದೊಡ್ಡ ಸಂತೆ. ಚೀನಾದ ಯುನಾನ್‌ನಿಂದ ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಮುಸ್ಲಿಂ ವ್ಯಾಪಾರಿಗಳು ಬರುತ್ತಿದ್ದ ಊರು ಇದು. ಖಾವ್ ಸೋಯ್ ಎಂಬ ತೆಂಗಿನ ಹಾಲಿನ ನೂಡಲ್ಸ್ ಸಾರು ಬಂದದ್ದೂ ಅವರಿಂದಲೇ ಅನ್ನುತ್ತಾರೆ. ಆಮೇಲೆ ಪ್ರವಾಸಿಗಳು ಹೆಚ್ಚಿದ ಹಾಗೆ ನೈಟ್ ಬಜಾರ್ ಬೆಳೆಯಿತು.

ರಸ್ತೆ ಮುಚ್ಚಿ ಸಂತೆ ಮಾಡುವ ಯೋಚನೆ ಬಂದದ್ದು ಮಾತ್ರ ಪೆಟ್ರೋಲಿನ ಚಿಂತೆಯಿಂದ. 2001ರ ಸುಮಾರಿಗೆ ಇಂಧನ ಉಳಿಸಿ, ಹೊಗೆ ತಗ್ಗಿಸಿ ಎಂಬ ಅಭಿಯಾನ ನಡೆಯಿತು. ಬ್ಯಾಂಕಾಕ್‌ನ ಸೀಲೋಮ್ ರಸ್ತೆಯಲ್ಲಿ ಭಾನುವಾರ ವಾಹನ ನಿಲ್ಲಿಸಿ ಜನರಿಗೆ ನಡೆಯಲು ಬಿಟ್ಟರು. ಚಿಯಾಂಗ್ ಮಾಯ್ ಕೂಡ ಅದೇ ದಾರಿ ಹಿಡಿಯಿತು. ಮೊದಲು ಥಾ ಪೇ ರಸ್ತೆ, ಆಮೇಲೆ ಕೋಟೆಯೊಳಗಿನ ರಾಚದಮ್ನೋನ್. ಶನಿವಾರಕ್ಕೆ ವೂವಾ ಲಾಯ್.

ಅದೇ 2001ರಲ್ಲಿ ಇನ್ನೊಂದು ಕೆಲಸ ಆಯಿತು. ಪ್ರಧಾನಿ ತಕ್ಸಿನ್ ಶಿನವಾತ್ರ ‘ಒಂದು ತಂಬೋನ್, ಒಂದು ಉತ್ಪನ್ನ’ ಯೋಜನೆ ತಂದರು. ತಂಬೋನ್ ಅಂದರೆ ನಮ್ಮ ಹೋಬಳಿಯ ಹಾಗೆ. ಜಪಾನಿನ ಓಯಿತಾ ಪ್ರಾಂತ್ಯದಲ್ಲಿ 1979ರಿಂದ ನಡೆದಿದ್ದ ಕೆಲಸವೇ ಇದಕ್ಕೆ ಮಾದರಿ. ತಕ್ಸಿನ್ ಚಿಯಾಂಗ್ ಮಾಯ್ ಪಕ್ಕದ ಸಾನ್ ಕಂಪೇಂಗ್‌ನವರು, ರೇಷ್ಮೆ ವ್ಯಾಪಾರದ ಮನೆತನ. ಸಾನ್ ಕಂಪೇಂಗ್ ರೇಷ್ಮೆ, ಬೋ ಸಾಂಗ್‌ನ ಕಾಗದದ ಕೊಡೆ, ಬಾನ್ ತವಾಯ್‌ನ ಮರದ ಕೆತ್ತನೆ ಮೊದಲಿನಿಂದಲೂ ಇದ್ದವು. ಅವನ್ನು ಮಧ್ಯವರ್ತಿ ಇಲ್ಲದೆ ಮಾರಲು ವಾರಕ್ಕೊಂದು ರಸ್ತೆ ಸಿಕ್ಕಿತು. ಅಂಗಡಿ ಬಾಡಿಗೆ ಕಟ್ಟಲಾಗದವರಿಗೆ ಅದು ಸಣ್ಣ ವಿಷಯ ಅಲ್ವಾ?

ದೇವಾಲಯಗಳೂ ಅಂಗಳ ಬಿಟ್ಟುಕೊಟ್ಟವು. ರಾಚದಮ್ನೋನ್ ಸುತ್ತಲಿನ ವಾತ್‌ಗಳ ಅಂಗಳಕ್ಕೆ ಹೋದರೆ ಊಟದ ಘಮ. ಮಸಾಲೆ ತುಂಬಿದ ಸಾಯ್ ಊವಾ ಸಾಸೇಜ್, ಬಿದಿರಿನೊಳಗೆ ಬೇಯಿಸಿದ ಅಂಟಕ್ಕಿ ಅನ್ನ. ನಾನು ಮಾತ್ರ ಖನೋಮ್ ಕ್ರೋಕ್ ಮಾಡುವವರ ಮುಂದೆ ನಿಂತುಬಿಡುತ್ತೇನೆ. ಕಾರಣ, ಅವರ ಮುಂದಿರುವುದು ಥೇಟ್ ನಮ್ಮ ಪಡ್ಡು ಕಾವಲಿ! ಅದೇ ಗುಳಿಗಳು. ಹಿಟ್ಟೂ ಅಕ್ಕಿಯದೇ, ಆದರೆ ಹುಳಿ ಬರಿಸುವುದಿಲ್ಲ, ತೆಂಗಿನ ಹಾಲು ಸೇರಿಸುತ್ತಾರೆ. ಮೇಲಕ್ಕೊಂದಿಷ್ಟು ಈರುಳ್ಳಿ ಸೊಪ್ಪು ಅಥವಾ ಜೋಳದ ಕಾಳು. ತಿರುವಿ ಹಾಕುವುದಿಲ್ಲ. ತಳ ಗರಿಗರಿಯಾದ ಮೇಲೆ ಚಮಚದಲ್ಲಿ ಎಬ್ಬಿಸಿ ಎರಡೆರಡನ್ನು ಮುಖಕ್ಕೆ ಮುಖ ಸೇರಿಸಿ ಬಾಳೆಎಲೆಯ ದೊನ್ನೆಗೆ ಹಾಕುತ್ತಾರೆ. ಒಳಗಿನ್ನೂ ಕೆನೆಯಂತಿರುತ್ತದೆ, ಅವಸರಪಟ್ಟರೆ ನಾಲಿಗೆ ಸುಡುತ್ತದೆ.

ಇಷ್ಟೆಲ್ಲ ಇದ್ದೂ ಸಂತೆ ಬದಲಾಗುತ್ತಿದೆ. ಒಂದು ಮಳಿಗೆಯಲ್ಲಿ ಕಂಡ ಆನೆ ಚಿತ್ರದ ಪ್ಯಾಂಟು ಮುಂದಿನ ಹತ್ತು ಮಳಿಗೆಯಲ್ಲೂ ಕಾಣುತ್ತದೆ. ಚೀನಾದಿಂದ ಬರುವ ಅಗ್ಗದ ಆನೆ ಪ್ಯಾಂಟುಗಳ ಬಗ್ಗೆ 2024ರಲ್ಲಿ ಥಾಯ್ ಸರ್ಕಾರವೇ ತಲೆಕೆಡಿಸಿಕೊಳ್ಳಬೇಕಾಯಿತು. ವೂವಾ ಲಾಯ್‌ನಲ್ಲೂ ಬೆಳ್ಳಿ ದುಬಾರಿಯಾಗಿ ಅನೇಕರು ಅಲ್ಯೂಮಿನಿಯಂ ತಗಡಿಗೆ ಇಳಿದಿದ್ದಾರೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಲೋಹ ಬದಲಾದರೂ ಕೈಯ ಪಳಗು ಉಳಿಯುತ್ತದೆ. ಕೈಯೇ ಇಲ್ಲದ ಸಾಮಾನು ಕೈಕೆಲಸದ ಹೆಸರಿನಲ್ಲಿ ಪಕ್ಕದಲ್ಲೇ ಕೂತಾಗ ಮಾತ್ರ ಸಂಕಟವಾಗುತ್ತದೆ. ದಿನಗಟ್ಟಲೆ ಬಡಿದು ಮಾಡಿದ ಬಟ್ಟಲು ಅದರ ಬೆಲೆಗೆ ಹೇಗೆ ಸರಿಸಾಟಿಯಾಗಬೇಕು?

2017ರಲ್ಲಿ ಯುನೆಸ್ಕೊ ಕರಕುಶಲ ಮತ್ತು ಜಾನಪದ ಕಲೆಗಾಗಿ ಚಿಯಾಂಗ್ ಮಾಯ್‌ಗೆ ಸೃಜನಶೀಲ ನಗರ ಎಂಬ ಮನ್ನಣೆ ಕೊಟ್ಟಿತು. ಶನಿವಾರ, ಭಾನುವಾರ ಬೆಳಿಗ್ಗೆ ನಡೆಯುವ ಹೊಸ ಸಂತೆಗಳೂ ಹುಟ್ಟಿವೆ. ಜಿಂಗ್ ಜಾಯ್‌ನಲ್ಲಿ ತರಕಾರಿ ಬೆಳೆಗಾರರೂ ಕುಶಲಕರ್ಮಿಗಳೂ ಒಟ್ಟಿಗೆ ಕೂರುತ್ತಾರೆ. ಸಾನ್ ಕಂಪೇಂಗ್ ಕಡೆಯ ಚಾಮ್ ಚಾ ಸಂತೆಗೆ ಮಳೆಮರದ ಹೆಸರು. ಮಾಡಿದವರನ್ನೇ ನೇರವಾಗಿ ಕೇಳಿ ಕೊಳ್ಳಬೇಕೆಂದರೆ ಇವು ಒಳ್ಳೆಯ ಜಾಗ.

ಹೋಗುವವರಿಗೆ ನನ್ನದೊಂದೇ ಮಾತು: ಶನಿವಾರ ಸಂತೆ ಶುರುವಾಗುವ ಮುಂಚೆಯೇ ವೂವಾ ಲಾಯ್ ತಲುಪಿ. ಅಲ್ಲಿನ ವಾತ್ ಶ್ರೀ ಸುಫಾನ್ ದೇವಾಲಯದ ಪ್ರಾರ್ಥನಾ ಮಂದಿರವನ್ನು ಈ ಬೀದಿಯ ಕಸುಬಿನವರು 2004ರಿಂದ ಬಡಿದು ಬಡಿದೇ ಕಟ್ಟಿದ್ದಾರೆ. ಗೋಡೆ, ಸೂರು, ಬಾಗಿಲು ಎಲ್ಲವೂ ಲೋಹದ ಹೊಳಪು. ಹೆಂಗಸರನ್ನು ಒಳಗೆ ಬಿಡುವುದಿಲ್ಲ, ಆ ನಿಯಮ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಅಂಗಳ ಎಲ್ಲರದು. ಅಲ್ಲೇ ಕೂತು ತಗಡು ಬಡಿಯುತ್ತಿರುತ್ತಾರೆ, ಕಲಿಯುವವರೂ ಪಕ್ಕದಲ್ಲಿರುತ್ತಾರೆ. ಸುಮ್ನೆ ಹತ್ತು ನಿಮಿಷ ನಿಂತು ಕೇಳಿ. ಸಂತೆಯ ಗದ್ದಲ ಇನ್ನೂ ಎದ್ದಿರುವುದಿಲ್ಲ, ಸುತ್ತಿಗೆಯ ಸದ್ದಷ್ಟೇ ಇರುತ್ತದೆ.