ಪ್ರಾಂತ್ಯದ ಹೆಸರೊಂದು, ಊರಿನ ಹೆಸರೊಂದು: ಇರಾಕ್ ನಕ್ಷೆಯ ಹಿಂದಿನ ಕಥೆ

ಕೊಡಗಿಗೆ ಮಡಿಕೇರಿ, ಉತ್ತರ ಕನ್ನಡಕ್ಕೆ ಕಾರವಾರ. ಜಿಲ್ಲೆಗೊಂದು ಹೆಸರು, ಜಿಲ್ಲಾ ಕೇಂದ್ರಕ್ಕೊಂದು ಹೆಸರು ಇರೋದು ನಮಗೇನೂ ಹೊಸದಲ್ಲ. ಆದರೆ ನಮ್ಮಲ್ಲಿ ಇಂಥವು ಕಡಿಮೆ. ಇರಾಕಿನಲ್ಲಿ ಇದೇ ಜಾಸ್ತಿ. ಮೋಸುಲ್ ಇರುವುದು ನಿನವಾ ಪ್ರಾಂತ್ಯದಲ್ಲಿ. ಅನ್ಬಾರ್ ಪ್ರಾಂತ್ಯಕ್ಕೆ ರಮಾದಿ ಮುಖ್ಯ ಊರು, ಧೀಕಾರ್‌ಗೆ ನಾಸಿರಿಯಾ, ವಾಸಿತ್‌ಗೆ ಕೂತ್. 2014ರಲ್ಲಿ ಕೇರಳದ ನರ್ಸ್‌ಗಳು ಸಿಕ್ಕಿಬಿದ್ದಿದ್ದ ತಿಕ್ರಿತ್ ಊರು ಸಲಾಹುದ್ದೀನ್ ಪ್ರಾಂತ್ಯದ್ದು. ಇಷ್ಟು ವರ್ಷ ಇದ್ದ ಹದಿನೆಂಟು ಪ್ರಾಂತ್ಯಗಳಲ್ಲಿ ಹತ್ತಕ್ಕೆ ಹೀಗೆ ಎರಡೆರಡು ಹೆಸರು.

ಇದು ಸುಮ್ನೆ ಆದದ್ದಲ್ಲ.

ಮೊದಲು ಒಂದು ತಮಾಷೆ ಹೇಳಿಬಿಡ್ತೇನೆ. ನಾವು ದಿನಾ ಬಳಸುವ 'ಜಿಲ್ಲೆ', 'ತಾಲ್ಲೂಕು' ಎರಡೂ ಅರಬ್ಬಿಯಿಂದ ಬಂದ ಮಾತು. ಜಿಲ್ಲೆಯ ಮೂಲ ಪದಕ್ಕೆ ಪಕ್ಕೆಲುಬು, ಪಕ್ಕ ಎಂಬ ಅರ್ಥ. ಆದರೆ ಇರಾಕಿನವರು ಆಡಳಿತಕ್ಕೆ ಇವೆರಡನ್ನೂ ಬಳಸುವುದಿಲ್ಲ. ಅವರಲ್ಲಿ ಪ್ರಾಂತ್ಯಕ್ಕೆ ಮುಹಾಫಜಾ ಅಂತಾರೆ, ಅದರೊಳಗೆ ಕದಾ, ಅದಕ್ಕಿಂತ ಚಿಕ್ಕದು ನಾಹಿಯಾ. ನಮಗೆ ಗೊತ್ತಿರುವ 'ಹಿಫಾಜತ್' ಇದೆಯಲ್ಲ, ಕಾಪಾಡುವುದು ಅಂತ, ಮುಹಾಫಜಾ ಅದರ ಬಳಗದ್ದೇ. ಅದರ ಮುಖ್ಯಸ್ಥ ಮುಹಾಫಿಜ್, ಅಂದರೆ ಕಾಯುವವನು.

ಒಟ್ಟೋಮನ್ ತುರ್ಕರ ಕೊನೆಗಾಲದಲ್ಲಿ ಅಲ್ಲಿ ಇದ್ದದ್ದು ಮೂರೇ ದೊಡ್ಡ ವಿಲಾಯತ್‌ಗಳು, ಅಂದರೆ ಪ್ರಾಂತ್ಯಗಳು: ಮೋಸುಲ್, ಬಾಗ್ದಾದ್, ಬಸ್ರಾ. ಮೂರಕ್ಕೂ ಊರಿನದ್ದೇ ಹೆಸರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಒಂದೊಂದಾಗಿ ಹಿಡಿದುಕೊಂಡರು. ಬಸ್ರಾ 1914ರಲ್ಲಿ, ಬಾಗ್ದಾದ್ 1917ರಲ್ಲಿ, ಮೋಸುಲ್ 1918ರಲ್ಲಿ. ಮೋಸುಲ್ ನಮ್ಮದು ಅಂತ ತುರ್ಕಿ ಹಟ ಹಿಡಿದಿತ್ತು. ಆ ಜಗಳ ಬಗೆಹರಿದದ್ದು 1926ರಲ್ಲಿ. ರಾಜರ ಕಾಲಕ್ಕೆ ಬಂದರೆ ದೇಶದಲ್ಲಿ ಹದಿನಾಲ್ಕು 'ಲಿವಾ'ಗಳಿದ್ದವು. ಲಿವಾ ಅಂದರೆ ಬಾವುಟ. ಆಗಲೂ ಹೆಚ್ಚಿನವಕ್ಕೆ ಊರಿನ ಹೆಸರು: ಕೂತ್ ಲಿವಾ, ಹಿಲ್ಲಾ ಲಿವಾ, ಅಮಾರಾ ಲಿವಾ.

1968ರಲ್ಲಿ ಸದ್ದಾಂ ಹುಸೇನ್ ಇದ್ದ ಬಾಥ್ ಪಕ್ಷ ಅಧಿಕಾರ ಹಿಡಿಯಿತು. ಮರುವರ್ಷವೇ ಲಿವಾ ಹೋಗಿ ಮುಹಾಫಜಾ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಹೆಸರುಗಳೂ ಬದಲಾದವು. ಈ ಹೊಸ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಹಿಲ್ಲಾ ಹೋಗಿ ಬಾಬಿಲ್, ಅಂದರೆ ಬ್ಯಾಬಿಲೋನ್. ಮೋಸುಲ್ ಹೋಗಿ ಅಸ್ಸೀರಿಯದ ರಾಜಧಾನಿಯಾಗಿದ್ದ ನಿನವಾ. ದಿವಾನಿಯಾ ಪ್ರಾಂತ್ಯ ಕಾದಿಸಿಯಾ ಆಯಿತು. ಏಳನೇ ಶತಮಾನದಲ್ಲಿ ಅರಬರು ಪರ್ಷಿಯನ್ನರನ್ನು ಸೋಲಿಸಿದ ರಣರಂಗ ಅದು. ಧೀಕಾರ್ ಕೂಡ ಅಂಥದ್ದೇ, ಅಲ್ಲೂ ಸೋತವರು ಪರ್ಷಿಯನ್ನರೇ. ಸಮಾವಾ ಸುತ್ತಲಿನ ಪ್ರಾಂತ್ಯಕ್ಕೆ ಅದೇ ಕಾಲದ ಅರಬ್ ಸೇನಾನಿ ಮುಸನ್ನಾನ ಹೆಸರು. ಪಕ್ಕದ ಇರಾನಿಗೆ ಇದು ಚುಚ್ಚುಮಾತು ಅಲ್ವಾ? ಮುಂದೆ 1980ರಲ್ಲಿ ಇರಾನ್ ಮೇಲೆ ಯುದ್ಧಕ್ಕೆ ಹೋದ ಸದ್ದಾಂ ಹುಸೇನ್ ಅದನ್ನೂ 'ಸದ್ದಾಮನ ಕಾದಿಸಿಯಾ' ಅಂತಲೇ ಕರೆಸಿದ.

1976ರಲ್ಲಿ ತಿಕ್ರಿತ್ ಸುತ್ತ ಹೊಸ ಪ್ರಾಂತ್ಯ ಮಾಡಿ ಸಲಾಹುದ್ದೀನನ ಹೆಸರಿಟ್ಟರು. ಜೆರುಸಲೇಮ್ ಗೆದ್ದ ಸುಲ್ತಾನ ಹುಟ್ಟಿದ್ದು ತಿಕ್ರಿತ್‌ನಲ್ಲೇ. ಸದ್ದಾಂ ಹುಟ್ಟಿದ ಹಳ್ಳಿಯೂ ಅಲ್ಲೇ ಹತ್ತಿರ. ತನ್ನನ್ನು ಆ ಸುಲ್ತಾನನ ಸಾಲಿನಲ್ಲಿ ನಿಲ್ಲಿಸಿಕೊಳ್ಳೋದು ಸದ್ದಾಮನಿಗೆ ಇಷ್ಟದ ಕೆಲಸ. ಸಲಾಹುದ್ದೀನ್ ಅರಬನಲ್ಲ, ಕುರ್ದ್ ಮನೆತನದವನು ಎಂಬುದು ಮಾತ್ರ ಯಾರಿಗೂ ಅಡ್ಡಬರಲಿಲ್ಲ!

ಆದರೆ ಹೆಸರಿನಾಟ ನಿಜವಾಗಿ ನೋವು ಕೊಟ್ಟದ್ದು ಕಿರ್ಕುಕ್‌ಗೆ. ಅಲ್ಲಿ ಕುರ್ದರು, ತುರ್ಕಮನ್ನರು, ಅರಬರು, ಕ್ರೈಸ್ತರು ಎಲ್ಲ ಇದ್ದಾರೆ. ಕಾಲಡಿಯಲ್ಲಿ ಎಣ್ಣೆ ಇದೆ. 1972ರಲ್ಲಿ ಸರ್ಕಾರ ಆ ಎಣ್ಣೆಯನ್ನು ವಿದೇಶಿ ಕಂಪನಿಗಳಿಂದ ಕಿತ್ತು ರಾಷ್ಟ್ರೀಕರಣ ಮಾಡಿತು. 1976ರಲ್ಲಿ ಪ್ರಾಂತ್ಯದ ಹೆಸರನ್ನೇ 'ತಅಮೀಮ್' ಅಂತ ಬದಲಿಸಿತು. ಅರ್ಥ ಏನು ಗೊತ್ತಾ? ರಾಷ್ಟ್ರೀಕರಣ! ಒಂದು ಜಿಲ್ಲೆಗೆ ಹೀಗೂ ಹೆಸರಿಡಬಹುದು.

ಹೆಸರಿನ ಜೊತೆ ಗಡಿಯೂ ಹೋಯಿತು. ಕಿರ್ಕುಕ್‌ನಲ್ಲಿದ್ದ ಚಮ್ಚಮಾಲ್, ಕಲಾರ್ ಪಕ್ಕದ ಸುಲೈಮಾನಿಯಾ ಪ್ರಾಂತ್ಯಕ್ಕೆ ಸೇರಿದವು. ಕಿಫ್ರಿ ದಿಯಾಲಾ ಪಾಲಾಯಿತು. ತೂಜ್ ಖುರ್ಮಾತು ಹೊಸ ಸಲಾಹುದ್ದೀನ್ ಪ್ರಾಂತ್ಯಕ್ಕೆ ಹೋಯಿತು. ಕುರ್ದರೂ ತುರ್ಕಮನ್ನರೂ ಇದ್ದ ಭಾಗಗಳನ್ನು ಕತ್ತರಿಸಿ ಹಾಕಿದರೆ, ಉಳಿದ ಕಡೆ ಅರಬರ ಪಾಲು ತಾನಾಗಿಯೇ ಹೆಚ್ಚುತ್ತದೆ. ಜೊತೆಗೆ ಕುರ್ದರನ್ನು ಎಬ್ಬಿಸಿ, ದಕ್ಷಿಣದಿಂದ ಅರಬರನ್ನು ತಂದು ನೆಲೆಸಿದರು.

2003ರಲ್ಲಿ ಸದ್ದಾಂ ಉರುಳಿದ. ಬಾಬಿಲ್, ನಿನವಾ, ಧೀಕಾರ್ ಹಾಗೇ ಉಳಿದವು, ಯಾರೂ ಅವನ್ನು ಅಳಿಸಲು ಹಟ ಹಿಡಿಯಲಿಲ್ಲ. ತಅಮೀಮ್ ಮಾತ್ರ ನಿಲ್ಲಲಿಲ್ಲ, 2006ರಲ್ಲಿ ಕಿರ್ಕುಕ್ ಹೆಸರು ವಾಪಸ್ ಬಂತು. ಗಡಿ ಮತ್ತು ಜನರ ಪ್ರಶ್ನೆಗೆ 2005ರ ಸಂವಿಧಾನದ 140ನೇ ವಿಧಿ ದಾರಿ ಹೇಳಿತ್ತು: ಮೊದಲು ಹಳೆಯ ಸ್ಥಿತಿ ಮರಳಿಸಬೇಕು, ಆಮೇಲೆ ಜನಗಣತಿ, ಕೊನೆಗೆ ಜನಮತ. ಗಡುವು 2007ರ ಡಿಸೆಂಬರ್ 31. ಗಡುವು ದಾಟಿತು, ಜನಮತ ನಡೆಯಲಿಲ್ಲ. 2014ರಲ್ಲಿ ಐಸಿಸ್ ಬಂದಾಗ ಕುರ್ದ್ ಪಡೆ ಕಿರ್ಕುಕ್ ಹಿಡಿಯಿತು. 2017ರ ಅಕ್ಟೋಬರ್‌ನಲ್ಲಿ ಬಾಗ್ದಾದ್ ಸೇನೆ ಅದನ್ನು ವಾಪಸ್ ಪಡೆಯಿತು.

ಈ ನಡುವೆ ಇನ್ನೊಂದು ಊರು ಪ್ರಾಂತ್ಯವಾಗಲು ಕಾಯುತ್ತಿತ್ತು. ಹಲಬ್ಜಾ. 1988ರ ಮಾರ್ಚ್ 16ರಂದು ಸದ್ದಾಂ ಸೇನೆ ವಿಷಾನಿಲ ಸುರಿದು ಸುಮಾರು 5,000 ಜನರನ್ನು ಕೊಂದ ಕುರ್ದ್ ಪಟ್ಟಣ. 2014ರಲ್ಲಿ ಕುರ್ದ್ ಪ್ರಾದೇಶಿಕ ಸರ್ಕಾರ ಅದನ್ನು ಪ್ರಾಂತ್ಯ ಎಂದು ಕರೆಯಿತು. ಬಾಗ್ದಾದಿನ ಸಂಸತ್ತು ಒಪ್ಪಿದ್ದು 2025ರ ಏಪ್ರಿಲ್‌ನಲ್ಲಿ. ಹೀಗೆ ದೇಶದ ಹತ್ತೊಂಬತ್ತನೇ ಪ್ರಾಂತ್ಯಕ್ಕೆ ಯುದ್ಧದ ಹೆಸರಿಲ್ಲ, ಸುಲ್ತಾನನ ಹೆಸರಿಲ್ಲ. ಊರಿನ ಹೆಸರೇ ಬಂತು. ತೂಜ್ ಖುರ್ಮಾತು ಮಾತ್ರ ಇನ್ನೂ ಸಲಾಹುದ್ದೀನ್ ಲೆಕ್ಕದಲ್ಲೇ ಇದೆ.